ಸ್ವಂತ ಕಾರು, ಸ್ವಂತ ಖರ್ಚು

ಹೊಸ ಕಾರು ತಗೊಂಡರೆ ನಾವು ಮೊದಲು ಮಾಡೋ ಕೆಲಸ ನಾಲ್ಕು ಚಕ್ರದ ಕೆಳಗೆ ನಾಲ್ಕು ಲಿಂಬೆಹಣ್ಣು ಇಡೋದು. ಆ ಲಿಂಬೆ ನಮ್ಮ ಇಂಡಿ ತಾಲ್ಲೂಕಿನದ್ದೇ ಇರಬಹುದು. 2023ರಲ್ಲಿ ಅದಕ್ಕೆ ಜಿಐ ಟ್ಯಾಗ್ ಬೇರೆ ಸಿಕ್ಕಿದೆ. ಹಣ್ಣು ಪಚಕ್ಕಂತ ಒಡೆದು ಗಾಡಿ ಮುಂದೆ ಹೋಯ್ತು ಅಂದರೆ ಸುರಕ್ಷತೆಯ ಕೆಲಸ ಮುಗೀತು. ಆಮೇಲೆ ಟೈರಿನ ಗಾಳಿ ಎಷ್ಟಿರಬೇಕು, ಬ್ರೇಕ್ ಆಯಿಲ್ ಬದಲಿಸಿ ಎಷ್ಟು ವರ್ಷ ಆಯ್ತು, ನೂರರಲ್ಲಿ ಹೋಗ್ತಿರೋ ಗಾಡಿ ನಿಲ್ಲೋಕೆ ಎಷ್ಟು ದೂರ ಬೇಕು ಅಂತ ಯಾರೂ ಕೇಳಲ್ಲ. ಸಾಲದ ಕಂತು ಮಾತ್ರ ಎಲ್ಲರಿಗೂ ಬಾಯಿಪಾಠ.

ಈ ಪ್ರಶ್ನೆಗಳನ್ನ ಕೇಳಲೇಬೇಕಾದ ಜಾಗ ಒಂದಿದೆ. ಅದರ ಹೆಸರು ಟ್ರ್ಯಾಕ್ ಡೇ. ಬೆಂಗಳೂರಿನ ಐಟಿ ಆಫೀಸುಗಳ ಕೆಫೆಟೇರಿಯಾದಲ್ಲಿ ಈಗ ಟ್ರೆಕ್ಕಿಂಗ್, ಮ್ಯಾರಥಾನ್ ಜೊತೆಗೆ ಇದರ ಮಾತೂ ಕೇಳಿಸ್ತದೆ. ರೇಸ್ ಟ್ರ್ಯಾಕಿಗೆ ಫೀಸು ಕಟ್ಟಿ, ದಿನಾ ಆಫೀಸಿಗೆ ಓಡಿಸೋ ಸ್ವಂತ ಕಾರನ್ನೇ ತಗೊಂಡು ಹೋಗಿ, ವಾರಾಂತ್ಯ ಪೂರ್ತಿ ಅದನ್ನ ಅದರ ಮಿತಿಯವರೆಗೆ ಓಡಿಸೋದು. ಬೆಂಗಳೂರಿನವರಿಗೆ ಅದಕ್ಕೆ ಎರಡು ದಾರಿ. ಒಂದು, ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ಬಳಿ ಇರುಂಗಾಟುಕೋಟೆಯ ಟ್ರ್ಯಾಕ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಶುರು ಮಾಡಿದ್ದು, ಸುಮಾರು 3.7 ಕಿಲೋಮೀಟರ್ ಉದ್ದ. ಇನ್ನೊಂದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಮಾರುತಿ ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನದ್ದು.

ಇದನ್ನ ಊರಲ್ಲಿ ಹೇಳಿದರೆ ನಮ್ಮ ಕಾಕಾನಂಥವರು ಕೇಳೋ ಪ್ರಶ್ನೆ ಒಂದೇ: "ಹೋಗೂದರ ಎಲ್ಲಿಗಪಾ?" ಎಲ್ಲಿಗೂ ಇಲ್ಲ ಕಾಕಾ, ಅಲ್ಲೇ ಸುತ್ತು ಹಾಕೂದು ಅಂದರೆ, "ಸುತ್ತು ಹಾಕಾಕ ಮದ್ರಾಸಿಗಿ ಹೋಗಬೇಕೇನು? ಗಾಣದ ಎತ್ತು ಮನಿ ಮುಂದ ಸುತ್ತತಿತ್ತು, ಎಣ್ಣೀನೂ ಬರತಿತ್ತು."

ನಗಬೇಡಿ, ಪ್ರಶ್ನೆ ಖರೇನೇ ಇದೆ. ಸುತ್ತು ಹಾಕಿದ್ದಕ್ಕೆ ಎಣ್ಣೆ ಬರುತ್ತಾ?

ಟ್ರ್ಯಾಕ್ ಡೇ ಮಾರೋರು ಎರಡು ಮಾತು ಹೇಳ್ತಾರೆ. ಮೊದಲನೇದು: "ವೇಗದ ಹುಚ್ಚು ಟ್ರ್ಯಾಕಿನಲ್ಲೇ ಇಳಿದು ಹೋಗುತ್ತೆ, ರಸ್ತೆಗೆ ಬಂದಮೇಲೆ ನೀವು ಶಾಂತ." ಎರಡನೇದು: "ಒಳ್ಳೆ ಡ್ರೈವರ್ ಆಗ್ತೀರಿ." ಮೊದಲನೇ ಮಾತನ್ನ ನಾನು ನಂಬಲ್ಲ. ಎರಡನೇದನ್ನ ನಂಬ್ತೀನಿ, ಒಂದು ಷರತ್ತಿನ ಮೇಲೆ.

ಮೊದಲನೇದು ಯಾಕೆ ಸುಳ್ಳು ಅಂದರೆ, ಕಣ್ಣು ವೇಗಕ್ಕೆ ಬೇಗ ಹೊಂದಿಕೊಳ್ಳುತ್ತೆ. ಎಕ್ಸ್‌ಪ್ರೆಸ್‌ವೇ ಇಳಿದು ಊರೊಳಗೆ ಬಂದಾಗ ಅರವತ್ತು ಕೂಡ ತೆವಳಿದ ಹಾಗೆ ಅನ್ನಿಸುತ್ತಲ್ಲ, ಅದೇ. ದಿನವಿಡೀ ಟ್ರ್ಯಾಕಿನಲ್ಲಿ ನೂರೈವತ್ತರ ಮೇಲೆ ಓಡಿಸಿದ ಕಣ್ಣಿಗೆ ಸಂಜೆ ನೂರು ಅಂದರೆ ನಿಂತ ಹಾಗೇ. ಅದೂ ಶ್ರೀಪೆರಂಬದೂರಿನ ಟ್ರ್ಯಾಕ್ ಇರೋದು ಚೆನ್ನೈ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲೇ. ಗೇಟು ದಾಟಿದರೆ ನೇರ 48ನೇ ಹೆದ್ದಾರಿ. ಹುಚ್ಚು ಇಳೀತು ಅಂತ ಹೇಳೋರು ಭಾನುವಾರ ಸಂಜೆ ಆರು ಗಂಟೆಗೆ ಆ ಗೇಟಿನ ಹತ್ತಿರ ನಿಂತು ನೋಡಬೇಕು.

ಟ್ರ್ಯಾಕ್ ಅಂದರೆ ಅಪಾಯವೇ ಇಲ್ಲ ಅನ್ನೋ ಮಾತೂ ಬೇಡ. 2023ರ ಆಗಸ್ಟ್‌ನಲ್ಲಿ ಇದೇ ಟ್ರ್ಯಾಕಿನಲ್ಲಿ ಬೈಕ್ ರೇಸಿನಲ್ಲಿ ಬಿದ್ದು ತೀರಿಕೊಂಡವನು ಬೆಂಗಳೂರಿನ 13 ವರ್ಷದ ಹುಡುಗ. ಅದು ರೇಸು, ಟ್ರ್ಯಾಕ್ ಡೇ ಅಲ್ಲ, ಒಪ್ಪಿದೆ. ಆದರೆ ಡಾಂಬರು ಅದೇ.

ಈಗ ಎರಡನೇ ಮಾತಿಗೆ ಬರೋಣ. ಟ್ರ್ಯಾಕ್ ಕಲಿಸೋ ಪಾಠ ಆಕ್ಸಿಲರೇಟರಿನದ್ದಲ್ಲ, ಬ್ರೇಕಿನದ್ದು. ಸ್ವಲ್ಪ ಲೆಕ್ಕ ಹಾಕೋಣ, ಇಂಜಿನಿಯರಿಂಗ್ ಓದಿದವರೇ ಅಲ್ವಾ ನಾವೆಲ್ಲ. ಒಣ ರಸ್ತೆ, ಒಳ್ಳೆ ಟೈರು, ಒಂದು ಸೆಕೆಂಡಿನಲ್ಲಿ ಕಾಲು ಬ್ರೇಕಿಗೆ ಹೋಯ್ತು ಅಂತ ಇಟ್ಕೊಳ್ಳಿ. ಗಂಟೆಗೆ 100 ಕಿ.ಮೀ. ವೇಗದಲ್ಲಿರೋ ಕಾರು ನಿಲ್ಲೋಕೆ ಸುಮಾರು 77 ಮೀಟರ್ ಬೇಕು. 140ರಲ್ಲಿರೋ ಕಾರಿಗೆ ಸುಮಾರು 135 ಮೀಟರ್. ಇನ್ನೂ ಹೆದರಿಸೋ ಲೆಕ್ಕ ಬೇಕಾ? ನೂರರ ಕಾರು ಪೂರ್ತಿ ನಿಂತ ಜಾಗದಲ್ಲಿ ನೂರಾನಲವತ್ತರ ಕಾರು ಇನ್ನೂ ನೂರಕ್ಕಿಂತ ಜಾಸ್ತಿ ವೇಗದಲ್ಲೇ ಇರುತ್ತೆ.

ಸುಮಾರು 1,200 ಕೆಜಿ ತೂಕದ ಕಾರನ್ನ 140ರಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟೋ ಶಾಖದಲ್ಲಿ ಎರಡೂವರೆ ಲೀಟರ್ ತಣ್ಣೀರು ಕುದಿಯುತ್ತೆ. ಟ್ರ್ಯಾಕಿನಲ್ಲಿ ಪ್ರತಿ ಸುತ್ತಿಗೂ ಹೀಗೆ ನಾಲ್ಕೈದು ಸಲ ಜೋರಾಗಿ ಬ್ರೇಕ್ ಒತ್ತಬೇಕು. ಆ ಶಾಖ ಎಲ್ಲಾ ಹೋಗೋದು ಡಿಸ್ಕು, ಪ್ಯಾಡು, ಕೊನೆಗೆ ಬ್ರೇಕ್ ಆಯಿಲಿಗೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಲ್ಲ. ಆದರೆ ಅದು ಗಾಳಿಯ ತೇವ ಹೀರ್ತಾ ಹೋಗುತ್ತೆ. ನೀರು ಸೇರಿದ ಆಯಿಲಿಗೆ ಅದೇ ಮಾನದಂಡ ಕೇಳೋದು 155 ಡಿಗ್ರಿ ಮಾತ್ರ. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಹತ್ತಿಯ ಹಾಗೆ ಮೆತ್ತಗೆ ಒಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಮೂರು ವರ್ಷದಿಂದ ಆಯಿಲ್ ಬದಲಿಸದೇ ಇದ್ದವರಿಗೆ ಈ ವಿಷಯ ಮೂರನೇ ಸುತ್ತಿನಲ್ಲಿ ಗೊತ್ತಾಗುತ್ತೆ. ಟ್ರ್ಯಾಕಿನಲ್ಲಿ ಆದರೆ ಆಚೆ ಮಣ್ಣು, ಜಲ್ಲಿ, ಟೈರಿನ ಗೋಡೆ ಇರುತ್ತೆ. ಘಾಟಿನ ಇಳಿಜಾರಿನಲ್ಲಿ ಆದರೆ ಏನಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಒಳ್ಳೆ ಟ್ರ್ಯಾಕ್ ಡೇ ಹೇಗಿರುತ್ತೆ ಅಂದರೆ ಅದರ ಅರ್ಧ ದಿನ ಬೇಜಾರಿನ ಕೆಲಸವೇ. ಬೆಳಿಗ್ಗೆ ಗಾಡಿ ತಪಾಸಣೆ: ಟೈರು, ಪ್ಯಾಡು, ಬ್ಯಾಟರಿ ಕ್ಲಾಂಪು, ಸೋರಿಕೆ. ಡ್ಯಾಶ್‌ಬೋರ್ಡ್ ಮೇಲಿನ ಗಣಪತಿಯಿಂದ ಹಿಡಿದು ಸೀಟಿನ ಕೆಳಗಿನ ನೀರಿನ ಬಾಟಲಿಯವರೆಗೆ ಎಲ್ಲಾ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮುಗೀತು. ಆಮೇಲೆ ಬಾವುಟದ ಪಾಠ. ಹಳದಿ ಅಂದರೆ ಮುಂದೆ ಅಪಾಯ, ಓವರ್‌ಟೇಕ್ ಇಲ್ಲ. ನೀಲಿ ಅಂದರೆ ಹಿಂದೆ ನಿಮಗಿಂತ ಜೋರಾದವನು ಬಂದಿದ್ದಾನೆ, ದಾರಿ ಬಿಡಿ. ಕೆಂಪು ಅಂದರೆ ಎಲ್ಲರೂ ವಾಪಸ್. ಹದಿನೈದು-ಇಪ್ಪತ್ತು ನಿಮಿಷದ ಸರದಿ, ಹೊಸಬರ ಪಕ್ಕದಲ್ಲಿ ಕಲಿಸೋರು ಒಬ್ಬರು. ಕೊನೆ ಸುತ್ತು ನಿಧಾನಕ್ಕೆ, ಬ್ರೇಕ್ ತಣ್ಣಗಾಗಲಿ ಅಂತ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಬೇಡಿ, ಗೇರಿನಲ್ಲಿ ಬಿಡಿ ಅಂತಾರೆ. ಕಾದ ಪ್ಯಾಡ್ ಡಿಸ್ಕಿಗೆ ಒತ್ತಿಕೊಂಡೇ ಇರಬಾರದು.

ಇದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಆ ನೀಲಿ ಬಾವುಟ. ಹೆದ್ದಾರಿಯಲ್ಲಿ ಹಿಂದಿನವನು ಲೈಟ್ ಹೊಡೆದರೆ ನಮಗೆ ಅವಮಾನ. ಇಲ್ಲಿ ಎಸ್‌ಯುವಿ ತಂದವನಿಗೂ ಹಳೇ ಸ್ವಿಫ್ಟ್‌ನವನಿಗೆ ದಾರಿ ಬಿಡು ಅಂತ ಬಾವುಟ ತೋರಿಸ್ತಾರೆ, ಅವನು ಬಿಡ್ತಾನೆ, ಯಾರ ಮರ್ಯಾದೆಯೂ ಹೋಗಲ್ಲ.

ಇನ್ನು ನಾನು ಹೇಳಿದ ಷರತ್ತು: ಕಾರು ನಿಮ್ಮದೇ ಆಗಿರಬೇಕು. ಕಾರ್ ಕಂಪನಿಗಳು ತಾವೇ ನಡೆಸೋ 'ಎಕ್ಸ್‌ಪೀರಿಯನ್ಸ್' ದಿನಗಳಿವೆ. ಕಂಪನಿಯ ಕಾರು, ಕಂಪನಿಯ ಟೈರು, ಕಂಪನಿಯ ಊಟ. ನಾಲ್ಕು ಸುತ್ತು ಹೊಡೆದು, ಫೋಟೋ ತೆಗೆಸಿಕೊಂಡು, ಕ್ಯಾಪ್ ಹಾಕ್ಕೊಂಡು ಬರೋದು. ಅದು ಜಾಹೀರಾತಿನೊಳಗೆ ಹೋಗಿ ಕೂತ ಹಾಗೆ. ಪ್ಯಾಡ್ ಸವೆದದ್ದು ನಿಮ್ಮ ಜೇಬಿಗೆ ಗೊತ್ತಾಗಲ್ಲ, ಟೈರು ಕೂಗಿದ್ದು ಕಿವಿಗೆ ಸಂಗೀತವೇ. ಸ್ವಂತ ಕಾರಿನಲ್ಲಿ ಟೈರು ಕೂಗಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತೆ. ಆ ಸಂಕಟವೇ ಪಾಠ.

ಮತ್ತೆ ವಿಮೆಯ ವಿಷಯ. ನಿಮ್ಮ ಪಾಲಿಸಿಯಲ್ಲಿ ಬಳಕೆಯ ಮಿತಿ ಅನ್ನೋ ಸಾಲುಗಳಿರುತ್ತವೆ, ಓದಿ ನೋಡ್ರಿ. ಸಂಘಟಿತ ರೇಸು, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇವಕ್ಕೆ ವಿಮೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತೆ. ಜೊತೆಗೆ ಟ್ರ್ಯಾಕಿನವರು ನಿಮ್ಮ ಕೈಯಲ್ಲಿ ಹೊಣೆ ನಿಮ್ಮದೇ ಅಂತ ಸಹಿ ಹಾಕಿಸಿಕೊಳ್ತಾರೆ. ಅಂದರೆ ಆ ಒಂದು ದಿನ ನಿಮ್ಮ ತಪ್ಪಿನ ಬಿಲ್ ಪೂರ್ತಿ ನಿಮ್ಮ ಹೆಸರಿಗೇ. ಹೆಚ್ಚಿನವರು ಇದನ್ನ ಟ್ರ್ಯಾಕ್ ಡೇಯ ದೊಡ್ಡ ಕೊರತೆ ಅಂತಾರೆ. ನನ್ನ ಪ್ರಕಾರ ಅದರ ದೊಡ್ಡ ಗುಣ ಅದೇ.

ಯಾಕೆ ಅಂದರೆ ವೇಗದ ಆಟ ನಮಗೇನು ಹೊಸದಲ್ಲ. ನಮ್ಮ ಕಡೆ ಕಾರಹುಣ್ಣಿಮೆಗೆ ಎತ್ತು ಓಡಿಸಿ ಕರಿ ಹರೀತಾರೆ, ಜಾತ್ರೆಯಲ್ಲಿ ಚಕ್ಕಡಿ ಶರ್ಯತ್ತು ಇಡ್ತಾರೆ. ಅಲ್ಲೂ ಸ್ವಂತ ಎತ್ತು, ಸ್ವಂತ ಗಾಡಿ. ವರ್ಷವಿಡೀ ಹಿಂಡಿ ಹಾಕಿ ಮೈ ತಿಕ್ಕಿ ಸಾಕಿದ ಎತ್ತಿನ ಮೇಲಿನ ಅಕ್ಕರೆ ಯಾವ ಕಾರಿನ ಮೇಲೂ ಇರಲ್ಲ. ಆದರೂ ಓಡಿಸೋನ ಆಸೆ ಮಿತಿ ಮೀರಿದರೆ ಬಾರುಕೋಲಿನ ಪೆಟ್ಟು ತಿನ್ನೋದು ಎತ್ತು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟು, ಬಂಡಿ ಓಟ ಎರಡನ್ನೂ ನಿಲ್ಲಿಸಿದ್ದು ಇದೇ ಕಾರಣಕ್ಕೆ. ಕರ್ನಾಟಕ 2017ರಲ್ಲಿ ಕಾನೂನು ತಿದ್ದಿ ಕಂಬಳ, ಬಂಡಿ ಓಟಕ್ಕೆ ದಾರಿ ಮಾಡಿಕೊಡ್ತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ತಿದ್ದುಪಡಿಯನ್ನ ಎತ್ತಿ ಹಿಡೀತು. ಕಾನೂನು ಒಪ್ಪಿದೆ. ಆದರೆ ನೋವಿನ ಲೆಕ್ಕ ಇನ್ನೂ ಎತ್ತಿನ ಹೆಸರಲ್ಲೇ ಇದೆ.

ರಸ್ತೆಯಲ್ಲಿ ಆ ಲೆಕ್ಕ ಯಾರ ಹೆಸರಲ್ಲಿದೆ? ಕೇಂದ್ರ ಸಾರಿಗೆ ಇಲಾಖೆಯ 2022ರ ವರದಿ ಪ್ರಕಾರ ಆ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಶೇಕಡಾ 70ಕ್ಕೂ ಹೆಚ್ಚು ಸಾವಿಗೆ ಅತಿವೇಗ ಕಾರಣ ಅಂತ ದಾಖಲಾಗಿದೆ. ಸತ್ತವರಲ್ಲಿ ಶೇ. 44.5 ಬೈಕು-ಸ್ಕೂಟರಿನವರು, ಶೇ. 19.5 ನಡೆದು ಹೋಗ್ತಿದ್ದವರು. ಏರ್‌ಬ್ಯಾಗ್ ಇಲ್ಲದವರೇ ಹೆಚ್ಚು ಸತ್ತಿದ್ದಾರೆ.

ನಮ್ಮ ಊರಿನ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ದೀಪಾವಳಿಗೂ ಒಂದು ಸ್ಪರ್ಧೆ ನಡೆಯುತ್ತೆ. ಬೆಂಗಳೂರು ಬಿಟ್ಟು ಇಂಡಿ ಮುಟ್ಟೋಕೆ ಯಾರಿಗೆ ಎಷ್ಟು ತಾಸು ಹಿಡೀತು ಅಂತ. ತುಮಕೂರು, ಚಿತ್ರದುರ್ಗ, ಹೊಸಪೇಟೆ, ವಿಜಯಪುರ. ಐನೂರೈವತ್ತು ಕಿಲೋಮೀಟರಿನ ಮೇಲಿನ ದಾರಿ. ಗೆದ್ದವನಿಗೆ ಹೆಬ್ಬೆರಳಿನ ಇಮೋಜಿ. ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ಫ್ಯಾಕ್ಟರಿ ಕಡೆ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಹೋಗೋ ಟ್ರ್ಯಾಕ್ಟರ್ ಇರುತ್ತೆ. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತೆ. ಡಿಪ್ ಲೈಟಿನಲ್ಲಿ ನಿಮಗೆ ಕಾಣೋದು ಐವತ್ತು-ಅರವತ್ತು ಮೀಟರ್ ಆಸುಪಾಸು. ನಿಲ್ಲೋಕೆ ಬೇಕಾಗಿರೋದು ನೂರಾ ಮೂವತ್ತೈದು. ಈ ಎರಡು ಅಂಕಿಗಳನ್ನ ಗುಂಪಿನಲ್ಲಿ ಹಾಕಿದರೆ ಯಾರೂ ಓದಲ್ಲ. ಟ್ರ್ಯಾಕಿನಲ್ಲಿ ಒಮ್ಮೆ 140ರಿಂದ ಪೂರ್ತಿ ಬಲ ಹಾಕಿ ಬ್ರೇಕ್ ಒತ್ತಿದವನಿಗೆ, ಆ ದೂರ ಕಾಲಿನಲ್ಲೇ ಉಳಿಯುತ್ತೆ. ಕಾಕಾ ಕೇಳಿದ ಎಣ್ಣೆ ಇದೇ.

ಹಾಗಾದರೆ ದೂರು ಏನು? ಈ ಎಣ್ಣೆ ಬೇಕಾದವರಿಗೆ ಸಿಗ್ತಿಲ್ಲ ಅನ್ನೋದು. ಫೀಸು, ಹೆಲ್ಮೆಟ್ಟು, ಹೊಸ ಪ್ಯಾಡು, ಹೋಟೆಲು, ಕೆಟ್ಟರೆ ಕಾರೇ ಹೋಗಲಿ ಅನ್ನೋ ಧೈರ್ಯ, ಇವೆಲ್ಲಾ ಇರೋದು ನಮ್ಮಂಥ ಸಂಬಳದವರಿಗೆ. ರಾತ್ರಿಯಿಡೀ ವಿಜಯಪುರ-ಬೆಂಗಳೂರು ಬಾಡಿಗೆ ಹೊಡೆಯೋ ಡ್ರೈವರಿಗೆ, ಸೆಕೆಂಡ್‌ಹ್ಯಾಂಡ್ ಕಾರು ಕೊಂಡು ಮೊದಲ ಸಲ ಹೆದ್ದಾರಿ ಹತ್ತೋ ಹುಡುಗನಿಗೆ ಇಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ರಿವರ್ಸ್ ತೆಗೆಸ್ತಾರೆ, ಹೆದ್ದಾರಿಯ ವೇಗದಿಂದ ಬ್ರೇಕ್ ಒತ್ತಿಸಲ್ಲ. ಬ್ರೇಕಿನ ಪಾಠಕ್ಕೆ 3.7 ಕಿಲೋಮೀಟರಿನ ಟ್ರ್ಯಾಕೇ ಬೇಕು ಅಂತಿಲ್ಲ. ಉದ್ದನೆಯ ಖಾಲಿ ಡಾಂಬರು, ನಾಲ್ಕು ಕೋನು, ಒಂದು ನೀರಿನ ಟ್ಯಾಂಕರು, ಪಕ್ಕದಲ್ಲಿ ಕೂರೋ ತಿಳಿದವರು ಒಬ್ಬರು ಇದ್ದರೆ ಜಿಲ್ಲೆಗೊಂದು ಕಡೆ ನಡೆಸಬಹುದು. ಟ್ರ್ಯಾಕ್ ಡೇ ನಡೆಸೋರು ವರ್ಷಕ್ಕೆ ಒಂದು ದಿನ ಇದಕ್ಕೆ ಕೊಟ್ಟರೂ ಅವರ ಮೊದಲನೇ ಮಾತಿಗಿಂತ ಅದು ಹೆಚ್ಚು ನಿಜ ಆಗುತ್ತೆ.

ಅಲ್ಲಿಯವರೆಗೆ, ದುಡ್ಡಿದ್ದವರು ಹೋಗಿ ಬನ್ನಿ. ಸ್ವಂತ ಕಾರಿನಲ್ಲೇ ಹೋಗಿ. ಅದು ಸಣ್ಣದಿದ್ದಷ್ಟೂ ಛಲೋ, ತಪ್ಪು ಕಡಿಮೆ ವೇಗದಲ್ಲೇ ಗೊತ್ತಾಗುತ್ತೆ. ಹೋಗೋ ಮೊದಲು ಬ್ರೇಕ್ ಆಯಿಲ್ ಬದಲಿಸಿ. ಹೊಸಬರಿಗೆ ಲ್ಯಾಪ್ ಟೈಮ್ ಹಿಡಿದು ಪಟ್ಟಿ ಹಾಕೋರ ಹತ್ತಿರ ಹೋಗಬೇಡಿ, ಪಕ್ಕದಲ್ಲಿ ಕೂತು ಕಲಿಸೋರ ಹತ್ತಿರ ಹೋಗಿ. ಭಾನುವಾರ ಸಂಜೆಯೇ ಹೊರಡಬೇಡಿ. ಆ ರಾತ್ರಿ ಶ್ರೀಪೆರಂಬದೂರಿನಲ್ಲೇ ಮಲಗಿ, ಸೋಮವಾರ ಒಂದು ರಜೆ ಹಾಕಿ, ಬೆಳಗಿನ ಬೆಳಕಿನಲ್ಲಿ ಎಂಬತ್ತರಲ್ಲಿ ಬನ್ನಿ. ಆ ಒಂದು ದಿನದ ರಜೆಯನ್ನೂ ಟ್ರ್ಯಾಕಿನ ಫೀಸಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ.