ಪ್ರೇಕ್ಷಣೀಯವೆಂದರೇನು? ಆಳಂದ, ಅಫಜಲಪುರ, ಜೇವರ್ಗಿಗಳನ್ನು ಕುರಿತು ಒಂದು ವಿಮರ್ಶೆ

ಪ್ರವಾಸಿಗರಿಗೆಂದು ಬರೆಯಲಾಗುವ ಕೈಪಿಡಿಗಳಲ್ಲಿ ಕಲಬುರಗಿ ಜಿಲ್ಲೆಯ ವರ್ಣನೆ ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಕೋಟೆ, ಅದರೊಳಗಿನ 1367ರ ಜಾಮೀ ಮಸೀದಿ, ಬಂದೇನವಾಜರ ದರ್ಗಾ, ಶರಣಬಸವೇಶ್ವರರ ಗುಡಿ, ಸರ್ಕಾರಿ ವಸ್ತುಸಂಗ್ರಹಾಲಯ: ಇಷ್ಟಕ್ಕೆ ಪುಟಗಳು ತುಂಬುತ್ತವೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಉಳಿಯುವುದು ಒಂದೆರಡು ವಾಕ್ಯ ಮಾತ್ರ. ಗಾಣಗಾಪುರವನ್ನು ಬಿಟ್ಟರೆ ಇಲ್ಲಿ ನೋಡತಕ್ಕದ್ದು ಹೆಚ್ಚಿಲ್ಲವೆಂಬ ಭಾವನೆ ಓದುಗನಲ್ಲಿ ತಾನಾಗಿ ಮೂಡುತ್ತದೆ. ಈ ತೀರ್ಪು ಸರಿಯೆ? ಇದನ್ನು ಕೊಡುವ ಅಳತೆಗೋಲು ಯಾವುದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಅಳತೆಗೋಲು ರಾಜಧಾನಿಗಳದು. ಯೂರೋಪಿನ ಉತ್ತರ ದೇಶಗಳ ರಾಜಧಾನಿಗಳಲ್ಲಿ ಅದು ಪೂರ್ಣರೂಪದಲ್ಲಿ ಕಾಣುತ್ತದೆ. ಸ್ಟಾಕ್‌ಹೋಮ್ ನಗರವನ್ನೇ ತೆಗೆದುಕೊಳ್ಳೋಣ. ಅಲ್ಲಿಯ ಯೂರ್‌ಗಾರ್ಡನ್ ದ್ವೀಪದಲ್ಲಿ ಆರ್ಟುರ್ ಹಜೇಲಿಯುಸ್ ಎಂಬಾತನು 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯವನ್ನು ತೆರೆದನು. ಯಂತ್ರೋದ್ಯಮದ ರಭಸದಲ್ಲಿ ಹಳ್ಳಿಯ ಬಾಳುವೆ ಅಳಿದುಹೋಗುವುದೆಂದು ಕಂಡ ಆತನು ದೇಶದ ನಾನಾ ಭಾಗಗಳ ರೈತರ ಮನೆಗಳನ್ನೂ ಕಣಜಗಳನ್ನೂ ಬಿಚ್ಚಿ ತರಿಸಿ ಅಲ್ಲಿ ಮರಳಿ ಜೋಡಿಸಿದನು. ಆತನ ತರುವಾಯ ಸೆಗ್ಲೋರಾ ಎಂಬ ಊರಿನ ಮರದ ಚರ್ಚು ಸಹ ಅಲ್ಲಿಗೆ ಬಂದಿತು. ಅದೇ ದ್ವೀಪದಲ್ಲಿ ವಾಸಾ ಎಂಬ ಯುದ್ಧನೌಕೆಯ ಸಂಗ್ರಹಾಲಯವಿದೆ. 1628ರಲ್ಲಿ ಮೊದಲ ಪಯಣದಲ್ಲಿಯೇ ಮುಳುಗಿದ ಆ ನೌಕೆಯನ್ನು 1961ರಲ್ಲಿ ಮೇಲೆತ್ತಿದರು. ಈಗಿನ ಕಟ್ಟಡ 1990ರಲ್ಲಿ ತೆರೆಯಿತು. ಒಂದೆರಡು ದಿನಗಳ ತಿರುಗಾಟದಲ್ಲಿ ಒಂದು ದೇಶದ ಶತಮಾನಗಳೇ ಕಣ್ಣಮುಂದೆ ಹಾದುಹೋಗುತ್ತವೆ. ಈ ಸಾಧನೆಯನ್ನು ಮೆಚ್ಚದಿರುವುದು ಸಾಧ್ಯವಿಲ್ಲ.

ಆದರೆ ಸ್ವೀಡನ್ ದೇಶದ ಪಾಠ ಇಷ್ಟಕ್ಕೇ ಮುಗಿಯುವುದಿಲ್ಲ. ಅಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ರೂನ್ ಲಿಪಿಯ ಶಾಸನಶಿಲೆಗಳಿವೆ. ಅವುಗಳಲ್ಲಿ ಬಹಳಷ್ಟು ಇಂದಿಗೂ ಹೊಲದ ಬದುವಿನಲ್ಲಿ, ದಾರಿಯ ಪಕ್ಕದಲ್ಲಿ, ಹಳೆಯ ಚರ್ಚುಗಳ ಗೋಡೆಯಲ್ಲಿ ಉಳಿದಿವೆ. ರಾಜಧಾನಿಯ ಹಳೆಯ ಪಟ್ಟಣದಲ್ಲಿಯೇ, ಪ್ರೆಸ್ಟ್‌ಗಾತನ್ ಬೀದಿಯ ಮೂಲೆಮನೆಯೊಂದರ ಗೋಡೆಗೆ ಇಂಥದೊಂದು ಕಲ್ಲು ಸೇರಿಕೊಂಡಿದೆ. ಪ್ರಾಚೀನ ಅವಶೇಷಗಳನ್ನು ಕೆಡಿಸಬಾರದೆಂಬ ರಾಜಾಜ್ಞೆ ಆ ದೇಶದಲ್ಲಿ 1666ರಷ್ಟು ಹಿಂದೆಯೇ ಹೊರಟಿತ್ತು. ಎಂದರೆ, ಅಳಿದುಹೋಗುವುದನ್ನು ಒಂದೆಡೆ ಕೂಡಿಸುವುದು ಅವರ ನೀತಿಯ ಅರ್ಧಭಾಗ. ನೆಲೆಯಲ್ಲಿ ನಿಂತಿರುವುದನ್ನು ನೆಲೆಯಲ್ಲಿಯೇ ಕಾಯುವುದು ಇನ್ನರ್ಧಭಾಗ. ನಾವು ಮೊದಲನೆಯ ಅರ್ಧವನ್ನು ಕಲಿತು ಎರಡನೆಯದನ್ನು ಬಿಟ್ಟಿದ್ದೇವೆ. ನಮ್ಮ ಕೈಪಿಡಿಗಳ ದೋಷದ ಮೂಲ ಇಲ್ಲಿದೆ.

ಆಳಂದವನ್ನು ಮೊದಲು ನೋಡೋಣ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಅಳಂದೆ ಸಾಸಿರವೆಂಬ ನಾಡಿನ ಮುಖ್ಯ ಸ್ಥಳ. ಶೈವಚರಿತ್ರೆಯಲ್ಲಿ ಪ್ರಸಿದ್ಧನಾದ ಏಕಾಂತದ ರಾಮಯ್ಯನು ಹುಟ್ಟಿದ್ದು ಈ ಅಳಂದೆಯಲ್ಲಿ. ಇದಕ್ಕೆ ಆಧಾರವು ಆಳಂದದಲ್ಲಿಲ್ಲ. ದೂರದ ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿದೆ. ಜೆ. ಎಫ್. ಫ್ಲೀಟರು ಸಂಪಾದಿಸಿ ಪ್ರಕಟಿಸಿದ, ಸುಮಾರು 1200ರ ಆ ಶಾಸನವು ರಾಮಯ್ಯನ ಹುಟ್ಟು, ಜೈನರೊಡನೆ ಆತನ ವಾದ, ಶಿರಸ್ಸನ್ನು ಕಡಿದುಕೊಂಡು ಮರಳಿ ಪಡೆದ ಪವಾಡ, ಬಿಜ್ಜಳನು ಕೊಟ್ಟ ಜಯಪತ್ರ ಇವುಗಳನ್ನು ಹೇಳುತ್ತದೆ. ಅದೇ ಗುಡಿಯಲ್ಲಿ ಈ ಘಟನೆಯ ಶಿಲ್ಪಗಳೂ ಅವುಗಳ ಕೆಳಗೆ ಕನ್ನಡದ ಕಿರುಬರಹಗಳೂ ಇವೆ. ಶಾಸನವನ್ನು ಒಂದು ನಗರಕ್ಕೂ ಶಿಲ್ಪವನ್ನು ಇನ್ನೊಂದಕ್ಕೂ ಸಾಗಿಸಿದ್ದರೆ ಒಂದು ಮತ್ತೊಂದಕ್ಕೆ ಸಾಕ್ಷಿ ನುಡಿಯುತ್ತಿರಲಿಲ್ಲ. ಅಬ್ಬಲೂರಿನ ಗೋಡೆ ಕೆಡದೆ ನಿಂತುದರಿಂದಲೇ ಆಳಂದಕ್ಕೆ ತನ್ನ ಚರಿತ್ರೆಯ ಒಂದು ಪುಟ ಉಳಿದಿದೆ. ಹೀಗಿದ್ದೂ ಆಳಂದಕ್ಕೆ ಬರುವವನಿಗೆ ಕೈಪಿಡಿ ಈ ಸಂಬಂಧವನ್ನು ತಿಳಿಸುವುದಿಲ್ಲ.

ಆಳಂದದ ಇನ್ನೊಂದು ಪ್ರಸಿದ್ಧ ಸ್ಥಾನವು ಲಾಡ್ಲೆ ಮಶಾಯಿಖ್ ಎಂದು ಹೆಸರಾದ ಸೂಫಿ ಸಂತ ಅಲಾವುದ್ದೀನ್ ಅನ್ಸಾರಿಯವರ ದರ್ಗಾ. ಅದರ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇದ್ದು, 2022ರಿಂದ ಈಚೆಗೆ ಅದು ವಿವಾದಕ್ಕೂ ನ್ಯಾಯವಿಚಾರಣೆಗೂ ವಸ್ತುವಾಗಿದೆ. ಆ ವಿವಾದದಲ್ಲಿ ಪಕ್ಷ ವಹಿಸುವುದು ಈ ಲೇಖನದ ಕಾರ್ಯವಲ್ಲ. ನಾವು ಹೇಳುವುದಿಷ್ಟೆ: ಒಂದೇ ಆವರಣದಲ್ಲಿ ಎರಡು ಸಂಪ್ರದಾಯಗಳ ನೆನಪು ನಿಂತಿರುವ ಸ್ಥಳವನ್ನು ಒಂದು ಸಾಲಿನ ಫಲಕದಿಂದ ವಿವರಿಸಲಾಗದು. ಇಂಥಲ್ಲಿ ಇತಿಹಾಸಕಾರನ ಹೊಣೆ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ.

ಆಳಂದದ ಕಡೆಯಿಂದ ಹರಿದುಬರುವ ಅಮರಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ನರಸಿಂಹ ಸರಸ್ವತಿಯವರು ನೆಲಸಿದ್ದ ಈ ಕ್ಷೇತ್ರದಲ್ಲಿ ಭಕ್ತರು ದರ್ಶನ ಪಡೆಯುವುದು ಅವರ ನಿರ್ಗುಣ ಪಾದುಕೆಗಳನ್ನು. ಸಂಗ್ರಹಾಲಯದ ದೃಷ್ಟಿಯಿಂದ ನೋಡಿದರೆ ಇಲ್ಲಿ ಪ್ರದರ್ಶನಕ್ಕಿಡುವ ವಸ್ತು ಅತ್ಯಲ್ಪ. ಆದರೆ ಸರಸ್ವತಿ ಗಂಗಾಧರನ ಮರಾಠಿ ಗುರುಚರಿತ್ರೆಯನ್ನು ಪಾರಾಯಣ ಮಾಡಿದವನು ಸಂಗಮದಲ್ಲಿ ಮಿಂದು ಮಠದತ್ತ ನಡೆಯುವಾಗ, ಗ್ರಂಥದಲ್ಲಿ ಓದಿದ ಸ್ಥಳಗಳನ್ನು ಒಂದೊಂದಾಗಿ ಗುರುತಿಸುತ್ತಾನೆ. ಕನ್ನಡ ನೆಲದ ಒಂದು ಹಳ್ಳಿ ಮರಾಠಿ ಗ್ರಂಥವೊಂದರ ಮೂಲಕ ಮಹಾರಾಷ್ಟ್ರದ ಅಸಂಖ್ಯ ಮನೆಗಳಿಗೆ ಪರಿಚಿತವಾದುದು ಗಡಿನಾಡಿನ ಸಂಸ್ಕೃತಿಯ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ. ಇದನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿ ಇಡಲಾದೀತು?

ಜೇವರ್ಗಿಯ ವಿಷಯವೂ ಹೀಗೆಯೇ. ಅಖಂಡೇಶ್ವರ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಮಿಕ್ಕಿ ವಚನಗಳನ್ನು ರಚಿಸಿದ ಷಣ್ಮುಖಸ್ವಾಮಿಗಳು ಈ ಊರಿನವರು. ಹನ್ನೆರಡನೆಯ ಶತಮಾನದೊಡನೆ ವಚನದ ಪರಂಪರೆ ಮುಗಿಯಿತೆಂದು ಎಣಿಸುವವರಿಗೆ, ಹದಿನೇಳನೆಯ ಶತಮಾನದ ಈ ಕವಿಯೇ ಉತ್ತರವಾಗಿದ್ದಾರೆ. ಸಾಹಿತ್ಯಚರಿತ್ರೆಯಲ್ಲಿ ಅವರಿಗೆ ಸ್ಥಾನವುಂಟು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿಯಲ್ಲಿ ಮಾತ್ರ ಅವರ ಊರು ಕಾಣುವುದು ವಿರಳ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಹಳ್ಳಿಯ ಶಿಲೆಗಳನ್ನು ಹಳ್ಳಿಯಲ್ಲಿಯೇ ಬಿಟ್ಟರೆ ಎಣ್ಣೆ, ಸುಣ್ಣ, ಬಣ್ಣ, ಸಿಮೆಂಟುಗಳಿಗೆ ಬಲಿಯಾಗುವುವು. ಆದುದರಿಂದ ಎಲ್ಲವನ್ನೂ ಕಲಬುರಗಿಗೆ ಸಾಗಿಸುವುದೇ ಲೇಸು ಎಂದು ಕೆಲವರು ವಾದಿಸಬಹುದು. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಜೇವರ್ಗಿಯನ್ನು ದಾಟಿ ಭೀಮೆಯ ಹರಿವಿನೊಡನೆ ಮುಂದೆ ಹೋದರೆ ಸಿಗುವ ಸನ್ನತಿಯೇ ಇದಕ್ಕೆ ನಿದರ್ಶನ. ಕಪಟರಾಳ ಕೃಷ್ಣರಾಯರು 1954ರಲ್ಲಿ ಬೆಳಕಿಗೆ ತಂದ ಆ ಸ್ಥಳದ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಮಾಡು ಕುಸಿಯಿತು. ಅದನ್ನು ತೆರವು ಮಾಡುವಾಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಎರಡು ಮುಖಗಳಲ್ಲಿಯೂ ಅಶೋಕನ ಧರ್ಮಲಿಪಿಗಳು ಕಾಣಿಸಿದುವು. ವಿಗ್ರಹವನ್ನು ನಿಲ್ಲಿಸಲು ಚಪ್ಪಡಿಯ ನಡುವೆ ಕೊರೆದ ರಂಧ್ರದಿಂದ ಹಲವು ಅಕ್ಷರಗಳು ನಾಶವಾಗಿದ್ದುವು.

ಪೂಜೆಯು ಆ ಶಾಸನವನ್ನು ಕೆಡಿಸಿತು, ನಿಜ. ಆದರೆ ಪೂಜೆಯೇ ಅದನ್ನು ಉಳಿಸಿತು ಎಂಬುದೂ ಅಷ್ಟೇ ನಿಜ. ಪೀಠವಾಗದಿದ್ದರೆ ಆ ಚಪ್ಪಡಿ ಯಾವ ಬಾವಿಯ ಕಟ್ಟೆಗೋ ಸೇರಿಹೋಗುತ್ತಿತ್ತು. ಇನ್ನೂ ಮುಖ್ಯವಾದ ಮಾತೆಂದರೆ, ಅದು ಸನ್ನತಿಯಲ್ಲಿಯೇ ದೊರೆತುದರಿಂದ ಅದರ ಅರ್ಥ ಬೆಳೆಯಿತು. ಪಕ್ಕದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಆರಂಭವಾದ ಉತ್ಖನನದಿಂದ ಮಹಾಸ್ತೂಪವೊಂದು ಹೊರಬಿದ್ದು, ‘ರಾಯೋ ಅಸೋಕೋ’ ಎಂಬ ಬ್ರಾಹ್ಮೀ ಬರಹವಿರುವ ಶಿಲ್ಪಫಲಕವೂ ದೊರೆಯಿತು. ಲಿಪಿ, ಸ್ತೂಪ, ನದಿಯ ದಂಡೆ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಭೀಮಾತೀರದ ಬೌದ್ಧ ನೆಲೆಯೊಂದರ ಚಿತ್ರ ಮೂಡುತ್ತದೆ. ಬೇರೆ ಬೇರೆ ಕೋಣೆಗಳಲ್ಲಿ ಇಟ್ಟ ಬಿಡಿಕಲ್ಲುಗಳಿಂದ ಅದು ಮೂಡದು.

ಆದುದರಿಂದ ವಸ್ತುಸಂಗ್ರಹಾಲಯವೋ ನೆಲೆಯೋ ಎಂಬ ಪ್ರಶ್ನೆಗೆ ಪ್ರತಿ ಶಿಲೆಯ ಸ್ಥಿತಿಯನ್ನು ನೋಡಿ ಉತ್ತರ ಹೇಳಬೇಕು. ನೆಲೆ ಕಳೆದುಕೊಂಡದ್ದಕ್ಕೆ ಸಂಗ್ರಹಾಲಯವೇ ಆಶ್ರಯ. ನೆಲೆಯಲ್ಲಿರುವುದಕ್ಕೆ ಬೇಕಾದುದು ಕಾವಲು ಮತ್ತು ತಿಳಿವಳಿಕೆ. ಕೇಂದ್ರದ 1958ರ ಮತ್ತು ರಾಜ್ಯದ 1961ರ ಸ್ಮಾರಕ ಶಾಸನಗಳು ಕಾಯುವುದು ಮುಖ್ಯವಾಗಿ ಸಂರಕ್ಷಿತವೆಂದು ಘೋಷಿತವಾದ ಸ್ಥಳಗಳನ್ನು. ಕೆರೆಯ ಏರಿಯ ಮೇಲಿನ ವೀರಗಲ್ಲು, ಹನುಮಂತ ದೇವರ ಗುಡಿಯ ಮುಂದಿನ ದಾನಶಾಸನ ಇಂಥವು ಬಹುಮಟ್ಟಿಗೆ ಈ ರಕ್ಷೆಯ ಹೊರಗೆ ಉಳಿಯುತ್ತವೆ. ಜೀರ್ಣೋದ್ಧಾರದ ಭರಾಟೆಯಲ್ಲಿ ಮೊದಲು ಕಣ್ಮರೆಯಾಗುವುದೂ ಇವೇ. ಗುಡಿಯನ್ನು ಹೊಸದಾಗಿ ಕಟ್ಟುವ ಹಿರಿಯರಿಗೆ ಚರಿತ್ರೆಯ ಮೇಲೆ ದ್ವೇಷವಿಲ್ಲ; ಕಲ್ಲಿನ ಮೇಲೆ ಏನು ಬರೆದಿದೆಯೆಂದು ಅವರಿಗೆ ಯಾರೂ ಓದಿ ಹೇಳಿಲ್ಲ.

ಓದಿ ಹೇಳುವ ಕೆಲಸ ವಿಶ್ವವಿದ್ಯಾಲಯದ ವಿಭಾಗಗಳದು. ಈ ಮೂರು ತಾಲ್ಲೂಕುಗಳ ಒಂದೊಂದು ಊರಿನ ಶಿಲೆಗಳಿಗೂ ಪಡಿಯಚ್ಚು ತೆಗೆದು, ಅದರ ಪಾಠವನ್ನು ಸಂಗ್ರಹಾಲಯಕ್ಕೆ ಕಳುಹಿಸಿ, ಸಾರವನ್ನು ತಿಳಿಗನ್ನಡದಲ್ಲಿ ಬರೆದು ಆ ಊರಿನಲ್ಲಿಯೇ ಕಲ್ಲಿನ ಪಕ್ಕಕ್ಕೆ ನಿಲ್ಲಿಸುವುದು ಮಹಾವೆಚ್ಚದ ಕಾರ್ಯವಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇವೇ ಊರುಗಳಿಂದ ಬಂದವರು. ತಮ್ಮ ಊರಿನ ಕಲ್ಲನ್ನು ತಮ್ಮ ಊರಿನವರಿಗೆ ಓದಿ ಹೇಳುವುದಕ್ಕಿಂತ ಮಿಗಿಲಾದ ಶಿಕ್ಷಣ ಅವರಿಗೆ ಬೇರೊಂದಿಲ್ಲ. ಇಷ್ಟು ನಡೆದ ಬಳಿಕ ಪ್ರೇಕ್ಷಣೀಯ ಸ್ಥಳಗಳ ಕೈಪಿಡಿಯನ್ನು ಹೊಸದಾಗಿ ಬರೆಯಬಹುದು. ಆಗ ಆಳಂದ, ಅಫಜಲಪುರ, ಜೇವರ್ಗಿಗಳಿಗೆ ಒಂದೆರಡು ವಾಕ್ಯ ಸಾಲದೆಂಬುದು ಬರೆಯುವವನಿಗೇ ತಿಳಿದುಬರುವುದು.