ಮೇಣದಬತ್ತಿಯ ಬುಡದ ಕತ್ತಲೆ

‘ನೋ ಒನ್ ಕಿಲ್ಡ್ ಜೆಸಿಕಾ’ ಎಂಬ ಹಿಂದೀ ಚಿತ್ರ ತೆರೆಗೆ ಬಂದದ್ದು 2011ರ ಜನವರಿಯಲ್ಲಿ. ಅಂದು ಅದನ್ನು ನೋಡಿ ಕಣ್ಣೊರೆಸಿಕೊಂಡು ಹೊರಬಂದಿದ್ದೆ. ಮೊನ್ನೆ ಮನೆಯಲ್ಲಿ ಕುಳಿತು ಮತ್ತೊಮ್ಮೆ ನೋಡಿದಾಗ ಕಣ್ಣು ಒದ್ದೆಯಾಗಲಿಲ್ಲ, ಮನಸ್ಸಿಗೆ ಕಸಿವಿಸಿಯಾಯಿತು. ಅದರ ಕಾರಣವನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಚಿತ್ರದ ವಸ್ತು ನಡೆದ ಸಂಗತಿಯೇ. 1999ರ ಏಪ್ರಿಲ್ ಕೊನೆಯ ಒಂದು ರಾತ್ರಿ, ದೆಹಲಿಯ ಔತಣಕೂಟವೊಂದರಲ್ಲಿ, ಮದ್ಯ ಕೊಡಲು ಒಪ್ಪದ ಜೆಸಿಕಾ ಲಾಲ್ ಎಂಬ ತರುಣಿ ಗುಂಡಿಗೆ ಬಲಿಯಾದಳು. ಅಲ್ಲಿದ್ದವರು ಅನೇಕರು, ಆದರೆ ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತು ತಿರುಗಿಸಿದರು. 2006ರ ಫೆಬ್ರವರಿಯಲ್ಲಿ ಕೆಳಗಿನ ನ್ಯಾಯಾಲಯ ಆಪಾದಿತರೆಲ್ಲರನ್ನೂ ಬಿಡುಗಡೆ ಮಾಡಿತು. ಆಗ ಪತ್ರಿಕೆಗಳು ಕೂಗೆಬ್ಬಿಸಿದವು. ವಾಹಿನಿಯೊಂದು ಎಸ್ಸೆಮ್ಮೆಸ್ ಮೂಲಕ ಜನರ ಅಹವಾಲನ್ನು ಒಟ್ಟುಗೂಡಿಸಿತು. ಇಂಡಿಯಾ ಗೇಟಿನ ಬಳಿ ಮೇಣದಬತ್ತಿಗಳು ಹೊತ್ತಿಕೊಂಡವು. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಮುಖ್ಯ ಅಪರಾಧಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಜೊತೆಗೆ, ಪತ್ರಿಕೆಗಳೇ ವಿಚಾರಣೆಗೆ ಕೂರುವುದು ಅಪಾಯವೆಂದು ಎಚ್ಚರಿಸಿತು.

ನಿರ್ದೇಶಕ ರಾಜ್‌ಕುಮಾರ್ ಗುಪ್ತಾ ಪೂರ್ವಾರ್ಧವನ್ನು ಸಂಯಮದಿಂದ ನಡೆಸಿದ್ದಾರೆ. ಸಾಕ್ಷಿಗಳ ಬಾಗಿಲು ತಟ್ಟಿ ದಣಿಯುವ ಸೋದರಿಯ ಪಾತ್ರದಲ್ಲಿ ವಿದ್ಯಾ ಬಾಲನ್ ಅವರ ಮಾತು ಕಡಿಮೆ, ಅಭಿನಯ ಹೆಚ್ಚು. ಉತ್ತರಾರ್ಧದಲ್ಲಿ ಚಿತ್ರ ರಾಣಿ ಮುಖರ್ಜಿಯವರ ವರದಿಗಾರ್ತಿಯ ಕೈ ಸೇರುತ್ತದೆ. ಹಿಂದಿ ಬಾರದೆಂದಿದ್ದ ಸಾಕ್ಷಿಯ ಬಾಯಲ್ಲಿ ಸರಾಗವಾದ ಹಿಂದಿ ಕೇಳಿಸಿದ್ದು ‘ತೆಹೆಲ್ಕಾ’ದವರ ಗುಪ್ತ ಕ್ಯಾಮೆರಾ. ಹೀಗೆ ಹಲವರು ಪಟ್ಟ ಶ್ರಮವೆಲ್ಲ ಇಲ್ಲಿ ಒಬ್ಬಳ ಸಾಹಸವಾಗಿದೆ. ಕಥೆಯ ಅನುಕೂಲಕ್ಕೆಂದು ಇದನ್ನು ಮನ್ನಿಸೋಣ. ಆದರೆ ಇದೇ ವರದಿಗಾರ್ತಿ ಕೊಲೆಯ ಹೊಸತರಲ್ಲಿ ಈ ಸುದ್ದಿಯನ್ನು ಬದಿಗೆ ಸರಿಸಿದವಳು. ಸಾಕ್ಷ್ಯ ಸಡಿಲಗೊಂಡ ಆ ಏಳು ವರ್ಷ ಪತ್ರಿಕಾಲೋಕ ಎಲ್ಲಿತ್ತು? ಚಿತ್ರ ಈ ಪ್ರಶ್ನೆಯ ಹೊಸ್ತಿಲವರೆಗೆ ಬಂದು, ನಾಯಕಿಯ ಪಶ್ಚಾತ್ತಾಪದಲ್ಲೇ ಅದನ್ನು ತೀರಿಸಿ, ಮೇಣದಬತ್ತಿಗಳತ್ತ ಧಾವಿಸುತ್ತದೆ.

ಇನ್ನೊಂದು ಪ್ರಶ್ನೆಯಂತೂ ಚಿತ್ರಕ್ಕೆ ಹೊಳೆದೇ ಇಲ್ಲ. ಆ ಮೇಣದಬತ್ತಿಗಳ ವರ್ಷದಲ್ಲೇ, 2006ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿಯಲ್ಲಿ ದಲಿತ ಕುಟುಂಬವೊಂದರ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರಿನವರದೇ ಗುಂಪು ಕೊಂದುಹಾಕಿತು. ರಾಜಧಾನಿಯ ವಾಹಿನಿಗಳು ಅತ್ತ ತಿರುಗಲು ವಾರಗಳೇ ಬೇಕಾದವು. ಅಲ್ಲಿಯವರೆಗೆ ಸುದ್ದಿಯನ್ನು ಹೊತ್ತು ತಿರುಗಿದವರು ದಲಿತ ಕಾರ್ಯಕರ್ತರು. ಅವರಿಗೆ ಒದಗಿದ್ದು ತಾವೇ ಬರೆದ ವರದಿ, ಇ-ಮೇಲ್, ಬ್ಲಾಗು. ನವೆಂಬರಿನಲ್ಲಿ ನಾಗಪುರ ಮೊದಲಾದ ಊರುಗಳಲ್ಲಿ ಅವರು ಬೀದಿಗಿಳಿದಾಗ ಎದುರಾದದ್ದು ಪೊಲೀಸರ ಲಾಠಿ. 2008ರಲ್ಲಿ ಎಂಟು ಮಂದಿ ಅಪರಾಧಿಗಳೆಂದು ತೀರ್ಪಾಯಿತು, ನಿಜ. ಆದರೆ ದಲಿತರ ಮೇಲಿನ ದೌರ್ಜನ್ಯ ತಡೆವ ಕಾಯಿದೆ ಇಲ್ಲಿಗೆ ಅನ್ವಯಿಸದೆಂದು ಆ ನ್ಯಾಯಾಲಯವೂ, 2010ರಲ್ಲಿ ಉಚ್ಚ ನ್ಯಾಯಾಲಯವೂ ಹೇಳಿದವು. ಆನಂದ ತೇಲ್ತುಂಬ್ಡೆಯವರು ಈ ಘಟನೆಯನ್ನು ಕುರಿತು 2008ರಲ್ಲಿ ಬರೆದ ಪುಸ್ತಕವನ್ನು ಈ ಚಿತ್ರದ ಬೆನ್ನಿಗೇ ಓದಿದರೆ ನನ್ನ ಕಸಿವಿಸಿ ಅರ್ಥವಾದೀತು.

ಜೆಸಿಕಾಗೆ ಸಿಕ್ಕ ನ್ಯಾಯವನ್ನು ಅಲ್ಲಗಳೆಯುವ ಮಾತು ಇದಲ್ಲ. ಕೂಗದಿದ್ದರೆ ಆ ಕಡತ ಧೂಳು ತಿನ್ನುತ್ತಿತ್ತೋ ಏನೋ. ನನ್ನ ಆಕ್ಷೇಪ ಇಷ್ಟೇ: ಚಿತ್ರ ‘ಜನತೆ’ ಎಂದು ತೋರಿಸುವುದು ನಮ್ಮಂಥವರನ್ನು. ಕೊಲೆಯಾದವಳು ನಮ್ಮ ಮನೆಯ ಹುಡುಗಿಯಂತೆ ಕಂಡಳು, ಆದ್ದರಿಂದ ನಾವು ಎದ್ದೆವು. ನಾನೂ ಆ ವರ್ಷ ಎಸ್ಸೆಮ್ಮೆಸ್ ಕಳಿಸಿ, ಕರ್ತವ್ಯ ಮುಗಿಯಿತೆಂದು ನೆಮ್ಮದಿಯಿಂದ ಮಲಗಿದವನೇ. ಖೈರ್ಲಾಂಜಿಯ ಹೆಸರು ಪತ್ರಿಕೆಯಲ್ಲಿ ಕಣ್ಣಿಗೆ ಬಿದ್ದಾಗ ಪುಟ ತಿರುವಿದೆ. ಯಾರಿಗೂ ಯಾವ ಸಂದೇಶವನ್ನೂ ಕಳಿಸಲಿಲ್ಲ.

ದೀಪದ ಬುಡದಲ್ಲಿ ಕತ್ತಲೆ ಎಂಬುದು ಹಳೆಯ ಗಾದೆ. ಆ ಕತ್ತಲೆಯನ್ನು ತೋರಿಸುವ ಧೈರ್ಯ ಈ ಚಿತ್ರಕ್ಕಿಲ್ಲ. ಇಂದು ಕೂಗುವ ಸಾಧನ ಪ್ರತಿಯೊಬ್ಬರ ಅಂಗೈಯಲ್ಲಿದೆ; ಆದರೂ ಯಾವ ಸಾವಿಗೆ ಬೆರಳು ಆಡುತ್ತದೆ, ಯಾವುದಕ್ಕೆ ಆಡುವುದಿಲ್ಲ ಎಂಬ ಲೆಕ್ಕವನ್ನು ಒಮ್ಮೆ ಬರೆದು ನೋಡಿದ್ದೇನೆ. ವಾಚಕರೂ ಬರೆದು ನೋಡಬಹುದು.