ಸಂಯುಕ್ತ ಅಸಮತೆಗಳ ಭಾಷೆ: ಒಂದು ವಿಮರ್ಶೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿರುವ ಸೇವೆಯು ಸರ್ವವಿದಿತವಾದುದು. ಚಿಕ್ಕದೇವರಾಜ ಒಡೆಯರ ಆಸ್ಥಾನದ ತಿರುಮಲಾರ್ಯನು ಶ್ರೀರಂಗಪಟ್ಟಣದಲ್ಲಿ ಬಾಳಿದನು, ಪು. ತಿ. ನರಸಿಂಹಾಚಾರ್ಯರ ಮೇಲುಕೋಟೆಯು ಪಾಂಡವಪುರಕ್ಕೂ, ಕೆ. ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿಯು ಕೃಷ್ಣರಾಜಪೇಟೆಗೂ, ಬಿ. ಎಂ. ಶ್ರೀಕಂಠಯ್ಯನವರ ಬೆಳ್ಳೂರು ನಾಗಮಂಗಲಕ್ಕೂ ಸೇರಿವೆ. ಇಂತಹ ಸೀಮೆಯ ನುಡಿಯು ಬೀಜಗಣಿತದ ಸಂಯುಕ್ತ ಅಸಮತೆಯನ್ನು ಸಂದೇಹಕ್ಕೆಡೆಯಿಲ್ಲದಂತೆ ಹೇಳಬಲ್ಲುದೆ ಎಂಬುದು ವಿಚಾರಾರ್ಹವಾಗಿದೆ.

ಒಂದೇ ಅವ್ಯಕ್ತರಾಶಿಗೆ ಎರಡು ನಿಬಂಧನೆಗಳು ಕೂಡಿದರೆ ಅಸಮತೆಯು ಸಂಯುಕ್ತವೆನಿಸುವುದು. ಅವ್ಯಕ್ತವನ್ನು ಪೂರ್ವಾಚಾರ್ಯರಂತೆ 'ಯಾ' ಎಂದು ಕರೆಯೋಣ. ಈ ಸೀಮೆಯ ಬಾಲಕರು ಬಲ್ಲ ಕೃಷ್ಣರಾಜಸಾಗರದ ಪೂರ್ಣ ಜಲಮಟ್ಟವು 124.80 ಅಡಿ. ನೀರು '100 ಅಡಿಯಿಂದ 124.80 ಅಡಿಯೊಳಗೆ' ಇದೆಯೆಂದರೆ ತುದಿಯ ಅಂಕೆಗಳು ಸೇರಿದುವೋ ಇಲ್ಲವೋ ತಿಳಿಯದು. '100 ಅಡಿಗೆ ಕಡಿಮೆಯಿಲ್ಲದೆಯೂ 124.80 ಅಡಿಯನ್ನು ಮೀರದೆಯೂ' ಎಂದೊಡನೆ 100 ≤ ಯಾ ≤ 124.80 ಎಂಬ ಅರ್ಥವು ಸ್ಥಿರವಾಗುವುದು. ಸಂಖ್ಯಾರೇಖೆಯಲ್ಲಿ ಎರಡು ತುದಿಗಳಿಗೂ ತುಂಬಿದ ಚುಕ್ಕೆ, ನಡುವೆ ಅಖಂಡವಾದ ಗೆರೆ. ಸೇರದ ತುದಿಗೆ ಬರಿಯ ವೃತ್ತ.

ಬಿಡಿಸುವ ಕ್ರಮವು ಸರಳವಾದುದು. 5 < 2ಯಾ + 1 ≤ 11 ಎಂಬಲ್ಲಿ ಮೂರು ಭಾಗಗಳಿಂದಲೂ 1ನ್ನು ಕಳೆದು 2ರಿಂದ ಭಾಗಿಸಿದರೆ 2 < ಯಾ ≤ 5 ಎಂದಾಗುವುದು. ಋಣಸಂಖ್ಯೆಯಿಂದ ಗುಣಿಸಿದಾಗಲೂ ಭಾಗಿಸಿದಾಗಲೂ ಚಿಹ್ನೆಗಳ ಮುಖವನ್ನು ತಿರುಗಿಸತಕ್ಕದ್ದು.

ನಿಜವಾದ ತೊಡಕು 'ಅಥವಾ' ಎಂಬ ಶಬ್ದದಲ್ಲಿದೆ. ವ್ಯಾಕರಣದ ವಿಕಲ್ಪದಲ್ಲಿ ಒಂದು ರೂಪವನ್ನು ಹಿಡಿದೆಡೆಯಲ್ಲಿ ಮತ್ತೊಂದು ಬಿಟ್ಟುಹೋಗುವುದು. ಬೀಜಗಣಿತದ ರೂಢಿಯು ಬೇರೆ. 'ಯಾ < 5 ಅಥವಾ ಯಾ > 2' ಎಂಬಲ್ಲಿ 3 ಎಂಬ ಸಂಖ್ಯೆಯು ಎರಡು ನಿಬಂಧನೆಗಳಿಗೂ ಒಪ್ಪುವುದು. ಆದರೂ ಉತ್ತರದಿಂದ ಹೊರಗಾಗದು. ಆದಕಾರಣ ರೇಖೆಯೆಲ್ಲವೂ ಉತ್ತರವೇ. ವ್ಯಾಕರಣದ ವಿಕಲ್ಪವನ್ನೇ ನೆನೆದ ವಿದ್ಯಾರ್ಥಿಯು 2ಕ್ಕೂ 5ಕ್ಕೂ ನಡುವಣ ಭಾಗವನ್ನು ಅಳಿಸಿದರೆ ಆಶ್ಚರ್ಯವಿಲ್ಲ; ಅವನು ಶಬ್ದವನ್ನು ನಂಬಿ ಕೆಟ್ಟನೆನ್ನಬೇಕು.

ಇದಕ್ಕೆ ಪರಿಹಾರವು ಕನ್ನಡದಲ್ಲಿಯೇ ಉಂಟು. 'ಮತ್ತು' ಎಂಬಲ್ಲಿ 'ಎರಡೂ', 'ಅಥವಾ' ಎಂಬಲ್ಲಿ 'ಎರಡರಲ್ಲೊಂದಾದರೂ' ಎಂದು ಹೇಳಿದರೆ ಸಾಕು. ಮೊದಲನೆಯದು ಎರಡು ಗೆರೆಗಳ ಸಾಮಾನ್ಯಭಾಗವನ್ನು, ಎರಡನೆಯದು ಅವುಗಳ ಒಟ್ಟು ವ್ಯಾಪ್ತಿಯನ್ನು ತಾನಾಗಿಯೇ ತೋರಿಸುವುದು.

12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು. ಗಣಿತಕ್ಕೆ ನಮ್ಮ ನುಡಿಯು ಸಾಲದೆಂಬ ಮಾತು ನಿಲ್ಲತಕ್ಕುದಲ್ಲ. 'ಊ', 'ಆದರೂ' ಎಂಬ ಈ ಅಲ್ಪ ಶಬ್ದಗಳ ಬಲವನ್ನು ಬಾಲಕರಿಗೆ ತಿಳಿಯಪಡಿಸುವ ಭಾರವು ಸಾಹಿತ್ಯದ ಉಪಾಧ್ಯಾಯರ ಮೇಲೆಯೂ ಇದೆ.